ಕೆಂಪು ಗೆರೆಯೊಳಗಿನ ಮನೆ

ಅಯ್ಯೋ, ಬಾಗಿಲು ತಾನೇ ಅಕ್ಕ! ಅದಕ್ಕೆ ಇಷ್ಟು ದೂರ ಬರಬೇಕಿತ್ತಾ? ಮರ ಅಂದ್ಮೇಲೆ ಉಬ್ಬುತ್ತೆ, ಹಿಡ್ಕೊಳ್ಳುತ್ತೆ. ಬಡಗಿ ಬಂದು ಅಂಚು ಕೀಸಿದ್ರೆ ಆಯ್ತು. ಹೊಸ ಮನೆಯಲ್ಲಿ ಇದೆಲ್ಲ ಇದ್ದದ್ದೇ... ಏನು? ಆರು ವರ್ಷದ್ದು ಹೊಸ ಮನೆಯಾ ಅಂತ ಹುಬ್ಬು ಹಾರಿಸ್ತೀಯಾ? ಸರಿಯಪ್ಪ, ಹಳೇದು. ಹಳೇ ಬಾಗಿಲಿಗೂ ಹಟ ಇರುತ್ತೆ.

ಕೂತ್ಕೊ ಮೊದಲು. ಸ್ಟೂಲ್ ಮೇಲಿನ ನಕ್ಷೆಗಳನ್ನ ಕೆಳಗಿಡು, ಪರವಾಗಿಲ್ಲ. ನಿಮ್ಮ ಮನೆ ಒಂದೇನಾ, ಪಕ್ಕದವರದ್ದೂ ಹಿಡ್ಕೊಂಡಿದೆಯಾ? ಬೆರಳಲ್ಲಿ ತೋರಿಸ್ಬೇಡ, ಬಾಯಿಬಿಟ್ಟು ಹೇಳು... ಹನ್ನೊಂದಾ? ಒಂದೇ ವಾರದಲ್ಲಿ ಹನ್ನೊಂದು ಬಾಗಿಲು?

ಹೂಂ... ಒಬ್ಬನೇ ಬಡಗಿ ಮಾಡಿರ್ತಾನೆ, ಹಸಿ ಮರ ಹಾಕಿರ್ತಾನೆ. ಬಿಡು.

ಬಂದವಳೇ ಏನೋ ಕೇಳಿದ್ಯಲ್ಲ, ನಿಮ್ಮ ಮನೆ ಕಟ್ಟಿದ ಜಾಗದಲ್ಲಿ ಮೊದಲು ಏನಿತ್ತು ಅಂತ. ಏನಿರುತ್ತೆ ಅಕ್ಕ! ಖಾಲಿ ಜಾಗ. ಊರ ಮಧ್ಯೆ ಬಿದ್ದಿದ್ದ ಖಾಲಿ ಜಾಗ. ನಿನಗೆ ನೆನಪಿಲ್ವಾ ಆಗಿನ ಗೋಳು? ಊರು ಕೈಕಾಲು ಬಿಟ್ಕೊಂಡು ಹೊಲದ ಮೇಲೆಲ್ಲ ಮಲಗಿತ್ತು. ಐದು ಜನಕ್ಕೆ ಒಂದು ಬಸ್ಸು ಓಡಬೇಕು, ಮೂರು ಮನೆಗೆ ಮೈಲಿ ಉದ್ದ ಪೈಪು ಎಳೀಬೇಕು. ನೀನೇ ಆ ಕೊನೇ ಬಡಾವಣೆಯಿಂದ ಎರಡು ಬಸ್ಸು ಬದಲಾಯಿಸಿ ಡಾಕ್ಟರ ಹತ್ರ ಹೋಗ್ತಿದ್ದೆ. ಆಗ ಈ ಕಚೇರಿಯಲ್ಲಿ, ಇದೇ ಮೇಜಿನ ಮೇಲೆ, ಊರ ಸುತ್ತ ಕೆಂಪು ಗೆರೆ ಎಳೆದದ್ದು ಈ ಕೈ! ಗೆರೆ ಆಚೆ ಒಂದು ಇಟ್ಟಿಗೆನೂ ಏಳಬಾರದು. ಒಳಗೆ ಒತ್ತಾಗಿ ಕಟ್ಟಿ, ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲ ನಡೆಯುವಷ್ಟು ದೂರದಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಇಡೀ ಊರಿಗೇ ಬುದ್ಧಿ ಹೇಳಿದವರು ನಾವು.

ಯಾಕೆ ನಗ್ತೀಯ?

ನಗು ಅಲ್ವಾ... ಹಾಗಾದ್ರೆ ತುಟಿ ಹಾಗೆ ಬಿಗಿಬೇಡ.

ಗೂಡಿನಂಥ ಮನೆಗೆ ಯಾರು ಬರ್ತಾರೆ ಅಂತ ಜನ ಮೂಗು ಮುರಿದಿದ್ರು. ನಾನು ಕರೆದೆ, ನೀನು ಬಂದೆ. ನಕ್ಷೆಯವನ ಅಕ್ಕನೇ ಬಂದ್ಮೇಲೆ ನಮಗೇನು ಭಯ ಅಂತ ಮುನ್ನೂರು ಮನೆಯವರು ನಿನ್ನ ಹಿಂದೆ ಬಂದ್ರು. ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಜಾತಿ ಅಲ್ಲ ನಾನು. ಸ್ವಂತ ಅಕ್ಕನನ್ನೇ ಮೊದಲು ಕಳಿಸಿದವನು!

ಏಯ್, ಆ ಹಾಳೆ ಮುಟ್ಟಬೇಡ. ಶಾಯಿ ಹಸಿ ಇದೆ. ಮೂರು ಗಂಟೆಗೆ ಅದು ಸಭೆಗೆ ಹೋಗ್ಬೇಕು. ನಿಮ್ಮ ಸಾಲಿನ ಹಿಂದೇನೇ ಇನ್ನೂ ನಾನೂರು ಮನೆ. ಮಂಜೂರಾಯ್ತು ಅಂದ್ರೆ ಮುಂದಿನ ವಾರ ಅಡಿಪಾಯ.

ಬಾಗಿಲಿನ ಚಿಂತೆ ನನಗೆ ಬಿಡು. ಸಂಜೆ ಇಬ್ಬರು ಆಳು ಕಳಿಸ್ತೀನಿ. ಪಂಪು ಹಚ್ಚಿದ್ರೆ ಎರಡೇ ದಿನದಲ್ಲಿ ತಳ ಒಣಗಿ...

ಯಾಕೆ ಹಾಗೆ ನೋಡ್ತೀಯ?

ಪಂಪು ಅಂದೆ, ಹೌದು. ನೀನೇ ನೀರು ಅಂದ್ಯಲ್ಲ... ಅನ್ನಲಿಲ್ವಾ? ನೀನು ಬಾಗಿಲು ಅಂದೆ, ಬಿರುಕು ಅಂದೆ... ಬಿರುಕೂ ಅನ್ನಲಿಲ್ಲ. ಬರೀ ಬಾಗಿಲು. ಥೂ! ಕುಂಬಳಕಾಯಿ ಕಳ್ಳ ಅನ್ನೋಕೆ ಮೊದಲೇ ಹೆಗಲು ಮುಟ್ಕೊಂಡೆ.

ಕೇಳು ಅಕ್ಕ. ಬೈಯೋದಿದ್ರೆ ಆಮೇಲೆ ಬೈ. ಹಳೇ ನಕ್ಷೆ ಮೇಲೆ ತೆಳು ಹಾಳೆ ಹಾಸಿ ನಕಲು ತೆಗೀತೀವಿ. ಮೊದಲು ಕಪ್ಪು, ಆಮೇಲೆ ಕೆಂಪು. ನೀಲಿ ಯಾವಾಗಲೂ ಕೊನೆಗೆ, ಮಿಕ್ಕಿದ್ದೆಲ್ಲ ಒಣಗಿದ ಮೇಲೆ. ಇಲ್ಲದಿದ್ರೆ ಕಲೆಸಿಹೋಗುತ್ತೆ. ನೀಲಿ ಅಂದ್ರೆ ನೀರು. ಕೆಂಪು ಗೆರೆ ಎಳೆದ ದಿನ ಅದು ಒಣಗೋಕೆ ಬಿಟ್ಟು ಊಟಕ್ಕೆ ಹೋಗಿದ್ದೆ, ನೀಲಿ ಹಾಕೋ ಮೊದಲೇ ಸಾಹೇಬರು ಹಾಳೆ ಎತ್ಕೊಂಡು ಸಭೆಗೆ ಹೋದ್ರು. ನಾನು ಓಡಿ ಹೋಗೋ ಹೊತ್ತಿಗೆ ಗೋಡೆಗೆ ತೂಗುಹಾಕಿದ್ರು. ಈಗ ನಿಮ್ಮ ಮನೆಗಳಿರೋ ಜಾಗ, ಆಗ ಜೌಗು ಇದ್ದ ಕಡೆ, ಬೆಳ್ಳಗೆ... ಇಷ್ಟಗಲ! ಊರೊಳಗೇ ಇಷ್ಟು ಜಾಗ ಇತ್ತಾ ಅಂತ ಎಲ್ಲರೂ ಚಪ್ಪಾಳೆ ಹೊಡೀತಿದ್ರು. ನಾನು ಬಾಯಿ ತೆರೆದಿದ್ರೆ ಆ ಗೆರೆ ಅಲ್ಲೇ ಸಾಯ್ತಿತ್ತು. ಊರು ಮತ್ತೆ ಹೊಲ ನುಂಗ್ತಾ ಹೋಗ್ತಿತ್ತು. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ, ನಾಳೆ...

ಗಂಟೆ ಹೊಡೀತು. ಸಾಹೇಬರು ಕರೀತಿದ್ದಾರೆ. ಕೈ ತೆಗಿ ಅಕ್ಕ, ಹಾಳೆ ಕಳಿಸ್ಬೇಕು.

ಇದರಲ್ಲಿ ಎಲ್ಲಿ ನೀಲಿ ಅಂತ ಹುಡುಕ್ತೀಯಾ? ಇಲ್ಲ. ಇದರಲ್ಲೂ ಇಲ್ಲ.

ಅಡಿಪಾಯ ಗಟ್ಟಿ ಇದ್ರೆ ಏನೂ ಆಗಲ್ಲ ಅಂತ ನಂಬಿದ್ದೆ ಕಣಕ್ಕ, ನಿಜವಾಗ್ಲೂ! ನಂಬದೆ ಒಡಹುಟ್ಟಿದವಳನ್ನ ಕಳಿಸ್ತಿದ್ನಾ? ಹೇಳು, ಕಳಿಸ್ತಿದ್ನಾ?

ಹಾಳೆ ಬಿಟ್ಟು ನನ್ನ ಮುಖ ಹೀಗೆ ನೋಡಬೇಡ, ನನಗೆ ಹೆದರಿಕೆ ಆಗುತ್ತೆ.

ನೀನು ಹೀಗೆ ನೋಡಿದ್ದು ಇನ್ನೊಂದೇ ಸಲ. ನೀನು ಮನೆ ಹೊಕ್ಕ ತಿಂಗಳು. ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನ ಮಗಳು ಓಡಿ ಬಂದು, ಅಪ್ಪ, ಅತ್ತೆಯ ಪಕ್ಕದ ಮನೆ ಇನ್ನೂ ಖಾಲಿ ಇದೆ, ನಾನು ತಗೊಳ್ತೀನಿ ಅಂದ್ಳು. ನಾನು ಬೇಡ ಅಂದೆ. ಅತ್ತಳು, ಊಟ ಬಿಟ್ಟಳು. ಬೇಡ ಅಂದ್ರೆ ಬೇಡ ಅಂದೆ. ನೀನು ಅಲ್ಲೇ ಇದ್ದೆ, ನನ್ನ ಮುಖ ನೋಡಿದೆ. ಯಾಕೆ ಬೇಡ ಅಂತ ಕೇಳಲಿಲ್ಲ.

ಈಗ ಕೇಳ್ತಿರೋದು ಅದನ್ನೇ... ಅಲ್ವಾ ಅಕ್ಕ?