ಭೇರ್ಯದಿಂದ ಬಂದ ಕಿಟಕಿ

...ಇಲ್ಲ ಇಲ್ಲ, ಆ ಕುರ್ಚಿ ಬೇಡ, ಅದರ ಕಾಲು ಮುರಿದಿದೆ. ಈ ಕಡೆ ಕೂತ್ಕೊಳ್ಳಿ, ಪವಿತ್ರ ಅವ್ರೆ. ತಾಳಿ, ಧೂಳು ಒರೆಸ್ತೀನಿ... ಹೂಂ, ಈಗ ಕೂರಿ. ಕೆಳಗೆ ಯಾರೋ ‘ಉಮಾಶಂಕರ ಸಾರ್ ಇದಾರಾ’ ಅಂದಾಗ ಗುಜರಿಯವನೇ ಬಂದ ಅಂದ್ಕೊಂಡೆ. ಅವನು ಬರೋದು ನಾಳೆ. ಎಲ್ಲಾ ಕಂಪ್ಯೂಟರ್ ಮಿಷನ್ನು ಹೊತ್ಕೊಂಡು ಹೋಗ್ತಾನೆ. ನೀವು ಒಂದು ದಿನ ತಡ ಮಾಡಿದ್ರೆ ಸೀಲೂ ಸಿಕ್ತಿರಲಿಲ್ಲ, ನಾನೂ ಸಿಕ್ತಿರಲಿಲ್ಲ.

ಯಾಕೆ ನಗ್ತಿದೀರಿ? ಓ, ಅದಾ! ಹೌದು ಕಣ್ರೀ, ಚೀಟಿಗಳು ಇನ್ನೂ ಹಂಗೇ ಇವೆ. ಗಾವಡಗೆರೆ. ಕಂಪಲಾಪುರ. ಭೇರ್ಯ... ಯಾರ ಊರೋ ಅವರ ಮಿಷನ್ನಿಗೆ ಆ ಹೆಸರು. ‘ಸಾರ್, ಗಾವಡಗೆರೆ ಮಾತೇ ಕೇಳ್ತಿಲ್ಲ’, ‘ಸಾರ್, ಕಂಪಲಾಪುರ ಹೋಗ್ಬುಡ್ತು’... ಒಂದಿನ ಕೆಳಗಿನ ಗೊಬ್ಬರದಂಗಡಿ ಕಂಠಪ್ಪ ಏದುಸಿರು ಬಿಡ್ತಾ ಹತ್ತಿ ಬಂದಿದ್ದ, ಕಂಪಲಾಪುರದಲ್ಲಿ ಯಾರು ಹೋಗ್ಬುಟ್ರು ಅಂತ!

ಸರ್ಟಿಫಿಕೇಟು ಪಂಚಾಯ್ತಿ ಕೆಲಸಕ್ಕೆ ಅಂದ್ರಲ್ವಾ? ಬರೀತೀನಿ. ಹಳೇದು ಕಳೆದೋದ್ರೆ ಏನಂತೆ, ರಿಜಿಸ್ಟರ್ ಇದೆಯಲ್ಲ. ಎರಡು ಸಾವಿರದ ಒಂದು. ತಂದೆ ಮಂಟಯ್ಯ. ಗಂಡನ ಹೆಸರೂ ಹಾಕಬೇಕಾ? ...ಬೇಡ. ಸರಿ. ಆಗಿನ ಹೆಸರೇ ಇರಲಿ.

ಕಲಿತದ್ದು ಲಿನಕ್ಸ್, ಆ ಪುಕ್ಕಟೆ ಸಾಫ್ಟ್‌ವೇರು. ಎಂಟು ವರ್ಷ ಆಯ್ತು, ಈಗ ಯಾರೂ ಅದನ್ನ ಕೇಳಲ್ಲ. ಆದ್ರೂ ಬರೀತೀನಿ. ನಮ್ಮ ಹತ್ರ ಇನ್ನೇನಿತ್ತು? ಯಾರೋ ಬಿಸಾಕಿದ ಮಿಷನ್ನುಗಳು, ಒಂದಕ್ಕೂ ತ್ರಾಣ ಇಲ್ಲ. ಮೂಲೇಲಿದ್ದ ಆ ದೊಡ್ಡದು, ‘ಮೈಸೂರು’, ಅದೊಂದೇ ಎಲ್ಲರಿಗೂ ದುಡೀತಿತ್ತು. ಪ್ರೋಗ್ರಾಮು ಓಡೋದು ಅಲ್ಲಿ, ಅದರ ಕಿಟಕಿ, ಅದೇ ವಿಂಡೋ, ತೆರೆಯೋದು ನಿಮ್ಮ ಪರದೆ ಮೇಲೆ. ಯಾರ ಪರದೆ ಮೇಲೆ ತೆರೀಬೇಕೋ ಆ ಮಿಷನ್ನಿನ ಹೆಸರು ಬರೆದ್ರೆ ಸಾಕು, ಅಲ್ಲೇ ತೆರೆಯೋದು. ಗಾವಡಗೆರೆ ಚಿಕ್ಕಣ್ಣನ ಪರದೆ ಮೇಲೆ ನೀವೆಲ್ಲ ಸೇರಿ ಇಪ್ಪತ್ತು ಗಡಿಯಾರ ತೆರೆದಿದ್ರಿ, ನೆನಪಿದೆಯಾ? ಪಾಪ ಅವನು, ‘ಸಾರ್, ನನ್ ಟೈಮೇ ಸರಿಯಿಲ್ಲ’ ಅಂದ. ನಗಿ, ನಗಿ. ಈ ರೂಮಲ್ಲಿ ಯಾರಾದ್ರೂ ನಕ್ಕು ಬಹಳ ದಿನ ಆಯ್ತು.

ಆಮೇಲೆ ಪ್ರಶ್ನೆ ಕಿಟಕಿ. ಒಂದು ಸಾಲು ಪ್ರಶ್ನೆ, ಕೆಳಗೆ ಎರಡು ಗುಂಡಿ. ಹೌದು, ಇಲ್ಲ. ಆ ಕಡೆಯವರು ಯಾವುದನ್ನ ಒತ್ತಿದ್ರು ಅನ್ನೋದು ಕೇಳಿದವರ ಪರದೆಗೆ ವಾಪಸ್ ಬರೋದು. ನಾನೇ ಕಲಿಸಿದ್ದು...

ನಗು ನಿಲ್ಲಿಸಿಬಿಟ್ರಿ.

ಹೇಳ್ಬೇಕು ಅಂತಲೇ ಇದ್ದೆ. ಎಲ್ಲಿ ಅಂತ ಹೇಳೋದು, ಹೇಗೆ ಅಂತ ಹೇಳೋದು... ಇವತ್ತು ನೀವೇ ಬಂದ್ರಿ. ಕೇಳಿ. ಅವತ್ತು ನೀವು ನಿಮ್ಮ ಭೇರ್ಯ ಮಿಷನ್ನಿನ ಮುಂದೆ ಕೂತು ನನ್ನ ಮಿಷನ್ನಿಗೆ, ಹುಣಸೂರಿಗೆ, ಒಂದು ಪ್ರಶ್ನೆ ಕಳಿಸಿದ್ರಂತೆ. ಅಂತೆ! ನಾನಿರಲಿಲ್ಲ ಕಣ್ರೀ. ಪಿರಿಯಾಪಟ್ಟಣಕ್ಕೆ ಹೋಗಿದ್ದೆ, ನಂಜುಂಡಸ್ವಾಮಿ ಅವರ ಪ್ರಿಂಟರ್ ಕೆಟ್ಟಿತ್ತು. ಈ ಪ್ಲೈವುಡ್ ಅಡ್ಡಗೋಡೆ ಹಿಂದೆ, ನನ್ನ ಜಾಗದಲ್ಲಿ, ಅಸಿಸ್ಟೆಂಟ್ ಲಿಂಗರಾಜು ಕೂತಿದ್ದ. ನಿಮಗೆ ಆ ಕಡೆಯಿಂದ ಹೇಗೆ ಕಾಣಬೇಕು? ಏನೋ ಕಿಟಕಿ ಬಂತು, ‘ಇಲ್ಲ’ ಒತ್ತಿದೆ ಸಾರ್ ಅಂದ. ಅದೂ ಹೇಳಿದ್ದು ಯಾವಾಗ? ನಿಮ್ಮ ಮದುವೆ ಆಗಿ ಎಷ್ಟೋ ದಿನದ ಮೇಲೆ. ಅವನಿಗೆ ತಮಾಷೆ. ಈಗ ಎಚ್.ಡಿ. ಕೋಟೆ ಕಡೆ ಇದಾನೆ, ಬೇಕಾದ್ರೆ ಕೇಳಿ. ...ಬೇಡ, ಅವನಿಗೆಲ್ಲಿ ನೆನಪಿರುತ್ತೆ, ಬುಡಿ.

ಪ್ರಶ್ನೆ ಏನು ಅಂತ ನನಗೆ ಗೊತ್ತಿಲ್ಲ. ಅವನೂ ಹೇಳಲಿಲ್ಲ. ನಾನಿದ್ದಿದ್ರೆ... ನಾನಿದ್ದಿದ್ರೆ ಆ ಭಾನುವಾರ ಭೇರ್ಯಕ್ಕೆ ಬಂದು ನಿಮ್ಮ ತಂದೆ ಹತ್ರ ಖಂಡಿತ ಮಾತಾಡ್ತಿದ್ದೆ.

ಏನು? ಭಾನುವಾರ ಅಂದೆನಾ? ಲಿಂಗರಾಜು... ಅವನೇ ಏನೋ ಅಂದಿರಬೇಕು. ಗಂಡಿನ ಕಡೆಯವರು ಭಾನುವಾರ ಬರೋರಿದ್ರು ಅಂತ ಊರಿಗೇ ಗೊತ್ತಿತ್ತಲ್ಲ. ಹಂಗೆ ಬಾಯಿಗೆ ಬಂತು.

ನಿಮಗೆ ಎಷ್ಟು ನೋವಾಗಿರಬೇಕು ಅಂತ ಯೋಚನೆ ಮಾಡ್ತೀನಿ. ಪರದೆ ನೋಡಿದ್ರಿ. ಎದ್ರಿ. ಮೌಸನ್ನ ಅದರ ಜಾಗಕ್ಕಿಟ್ಟು ಕುರ್ಚಿ ಮೇಜಿನೊಳಕ್ಕೆ ತಳ್ಳಿದ್ರಿ. ಯಾರೂ ಕುರ್ಚಿ ತಳ್ಳಿ ಹೋಗ್ತಿರಲಿಲ್ಲ, ನೀವೊಬ್ರೇ. ಚಪ್ಪಲಿ ಮೆಟ್ಟೋವಾಗ ಒಂದ್ಸಲ ಈ ಪ್ಲೈವುಡ್ ಕಡೆ ತಿರುಗಿ ನೋಡಿದ್ರಿ. ಆಮೇಲೆ ಮೆಟ್ಲು. ಹದಿನೇಳು ಮೆಟ್ಲು. ಅರ್ಧ ಇಳಿದು ನಿಂತ್ರಿ... ಸ್ವಲ್ಪ ಹೊತ್ತು ನಿಂತೇ ಇದ್ರಿ. ಆಮೇಲೆ...

...

ಪವಿತ್ರ ಅವ್ರೆ?

ಏನಾದ್ರೂ ಅನ್ನಿ. ಲಿಂಗರಾಜು ಹೇಳಿದ... ಅಲ್ಲ. ಕುರ್ಚಿ ತಳ್ಳಿದ್ದನ್ನ ನೋಡೋ ಅಂಥವನಲ್ಲ ಅವನು. ಮೆಟ್ಲು ಎಣಿಸೋನೂ ಅಲ್ಲ.

ಬೈದುಬಿಡಿ.

...

ಹೌದು. ಈ ಪ್ಲೈವುಡ್ಡಲ್ಲಿ ಒಂದು ಸಂದಿ ಇದೆ. ಇಲ್ಲಿ.

ತಪ್ಪಿ ಬಂದ ಕಿಟಕಿ ಅಂತ ಅಂದ್ಕೊಳ್ಳೋಕೂ ಆಗ್ತಿರಲಿಲ್ಲ. ಹುಣಸೂರು ಅಂತ ಕೈಯಾರೆ ಬರೀದೆ ಅದು ನನ್ನ ಹತ್ರ ಬರೋಂಥದ್ದಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಒಂದೇ ಸಾಲು. ‘ಭಾನುವಾರದೊಳಗೆ ಊರಿಗೆ ಬಂದು ಅಪ್ಪನ ಹತ್ರ ಮಾತಾಡ್ತೀರಾ?’ ಹೌದು ಎಡಕ್ಕಿತ್ತು. ಇಲ್ಲ ಬಲಕ್ಕಿತ್ತು. ಮೌಸ್ ಮೇಲೆ ಕೈ ಇಟ್ಕೊಂಡು ಕೂತೇ ಇದ್ದೆ. ಕೊನೆಗೆ ಬಲಗಡೇದನ್ನ ಒತ್ತಿದೆ. ಯಾರೂ ನನ್ನನ್ನ ಹೆದರಿಸಿರಲಿಲ್ಲ. ಬೇಡ ಅನ್ನೋರೂ ಮನೇಲಿ ಯಾರೂ ಇರಲಿಲ್ಲ. ಕಾರಣ ಅಂತ ಒಂದು ಇದ್ದಿದ್ರೆ ಅದನ್ನೇ ಹೇಳ್ತಿದ್ದೆ. ಲಿಂಗರಾಜುವನ್ನ ಎಳೀತಿರಲಿಲ್ಲ.

ಪಿರಿಯಾಪಟ್ಟಣಕ್ಕೆ ಹೋಗಿದ್ದು ಮಾರನೇ ದಿನ. ನೀವು ಬಂದು ಕೇಳ್ತೀರಿ ಅಂತ ತಪ್ಪಿಸ್ಕೊಂಡು. ಸಂಜೆ ವಾಪಸ್ ಬಂದಾಗ ಲಿಂಗರಾಜು ಅಂದ, ‘ಸಾರ್, ಭೇರ್ಯ ಇವತ್ತು ಬರಲಿಲ್ಲ.’ ಅವನು ಹೇಳಿದ್ದು ಅದೊಂದೇ.

ತಗೊಳ್ಳಿ. ಸೀಲು ಇನ್ನೂ ಹಸಿ ಇದೆ, ಈಗಲೇ ಮಡಚಬೇಡಿ.

ಹೊರಟ್ರಾ?

...ಕುರ್ಚಿ ಬುಡಿ. ಅದನ್ನ ನಾನೇ ತಳ್ತೀನಿ.