ಕನ್ನಡಿ ಅಕ್ಕನ ಪಕ್ಕದ ಮೇಜಿನಿಂದ

ಅಕ್ಕನ ಸಂತಾಪ ಸಭೆಗೆ ಬಂದಿರುವ ಹಿರಿಯರಿಗೆ, ನಮ್ಮ ಪ್ರಯೋಗಾಲಯದ ಎಲ್ಲರಿಗೆ, ಮುಂದೆ ಕುಳಿತಿರುವ ಅಕ್ಕನ ಯಜಮಾನರಿಗೆ, ಮಗಳಿಗೆ — ನಮಸ್ಕಾರ. ನಾನು ಹಳ್ಳಿ ಶಾಲೆಯಲ್ಲಿ ಕಲಿತವಳು, ಭಾಷಣ ಬರುವುದಿಲ್ಲ. ದೇವರ ಮೇಲೆ ಭಾರ ಹಾಕಿ ನಿಂತಿದ್ದೇನೆ.

ಟೈಟೇನಿಯಂ ಪುಡಿಯನ್ನು ಲೇಸರಿನಿಂದ ಪದರ ಪದರವಾಗಿ ಕರಗಿಸಿ ಜೇನುಗೂಡಿನಂಥ ಜಾಲರಿ ಮಾಡುತ್ತಾರಲ್ಲ — ಅದನ್ನು ಕೊಯ್ದು, ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಒಳಗಿನ ಕಣ ಕಾಣುವಂತೆ ಮಾಡುವುದು ನಮ್ಮಿಬ್ಬರ ಕೆಲಸ. ಅಕ್ಕ ಉಜ್ಜಿದರೆ ಕನ್ನಡಿ. ಅದಕ್ಕೇ ಹೆಸರು ಬಿತ್ತು, ಕನ್ನಡಿ ಅಕ್ಕ. ನನಗೆ? ನನಗೆ ಹೆಸರೇ ಬೀಳಲಿಲ್ಲ.

ಮುಚ್ಚುಮರೆ ಯಾಕೆ, ನನಗೆ ಹೊಟ್ಟೆಕಿಚ್ಚು. ದಿನಾ ಕೈಮುಗಿದು ಕೆಲಸ ಶುರು ಮಾಡುವವಳು ನಾನು. ಅವಳ ಬಾಯಲ್ಲಿ ದೇವರ ಹೆಸರು ಕೇಳಿದ ನೆನಪೇ ಇಲ್ಲ. ಕೈಗುಣ ಮಾತ್ರ ಅವಳಿಗೆ!

ಒಮ್ಮೆ ಒಂದೇ ಜಾಲರಿಯ ಎರಡು ತುಂಡು — ಅವಳಿಗೊಂದು, ನನಗೊಂದು. ಅವಳದು ಫಳಫಳ. ನನ್ನದರಲ್ಲಿ ಕಡ್ಡಿಗಳು ಕೂಡುವ ಗಂಟಿನಲ್ಲೆಲ್ಲ ಸಣ್ಣ ಸಣ್ಣ ತೂತು. ಎಂಜಿನಿಯರ್ ಸಾರ್ — ಇಲ್ಲೇ ಇದ್ದಾರೆ, ತಲೆ ತಗ್ಗಿಸಬೇಡಿ ಸಾರ್ — "ಏನಮ್ಮ, ಉಜ್ಜುವಾಗ ಲೋಹಾನೇ ಕಿತ್ತು ಹಾಕಿದ್ದೀರಲ್ಲ!" ಎಂದರು. ಉಳಿದ ಜಾಲರಿಯನ್ನು ಒತ್ತುವ ಯಂತ್ರಕ್ಕೆ ಕೊಟ್ಟರು. ತಡೆಯಬೇಕಾದ ಭಾರದ ಅರ್ಧಕ್ಕೇ ಪಟ್ ಅಂತ — ಆ ಗಂಟುಗಳಲ್ಲೇ ಮುರಿಯಿತು.

ಆಗ ಅಕ್ಕ ಎದ್ದು ಹೇಳಿದಳು: "ನಾನೇ ಜಾಸ್ತಿ ಒತ್ತಿ ಉಜ್ಜಿಬಿಟ್ಟೆ ಸಾರ್. ಲೋಹ ಹರಡ್ಕೊಂಡು ತೂತು ಮುಚ್ಚೋಯ್ತು. ಇವಳದೇ ಸರಿ."

ಚಪ್ಪಾಳೆ ಬಿತ್ತು. ಯಾರಿಗೆ? ಅವಳಿಗೆ! ಎಂಥ ದೊಡ್ಡ ಮನಸ್ಸು ಅಂತ. ಸರಿ ಮಾಡಿದವಳು ನಾನು, ತಪ್ಪು ಮಾಡಿ ಹೆಸರು ತಗೊಂಡವಳು ಅವಳು!

"ಅಕ್ಕಾ, ಸೋತ್ರೂ ನಿಂದೇ ಗೆಲುವಾ?" ಅಂದೆ.

"ನೀನು ಹಿಂಗೆ ಉರ್ಕೊಳ್ಳೋದು ನೋಡೋಕೇ ಕಣೇ ನಾನು ಕೆಲಸಕ್ಕೆ ಬರೋದು" ಅಂದು ನಕ್ಕಳು.

ಈಗ ಅವಳ ಮೇಜಿನ ಮೇಲೆ ಅರ್ಧ ಉಜ್ಜಿದ ತುಂಡೊಂದಿದೆ. ಯಾರದೋ ಸೊಂಟದ ಮೂಳೆಯ ಜಾಗದಲ್ಲಿ ಕೂರಬೇಕಾದ ಜಾಲರಿಯ ಮಾದರಿ. ಕುಲುಮೆಯಲ್ಲಿ ಕಾಯಿಸಿದ ಮೇಲೆ ಸೂಜಿಯಂಥ ಕಣಗಳು ಹದಕ್ಕೆ ಬಂದಿವೆಯೋ, ಗಂಟಿನಲ್ಲಿ ತೂತು ಉಳಿದಿದೆಯೋ, ನೋಡಬೇಕು. "ನೀವೇ ಮುಗಿಸಿ" ಎಂದಿದ್ದಾರೆ ಸಾರ್. ಚೆನ್ನಾಗಿ ಬಂದರೆ ಅಕ್ಕನ ಜೊತೆ ಪಳಗಿದವಳು ಅನ್ನುತ್ತೀರಿ. ಕೆಟ್ಟರೆ, ಅಕ್ಕ ಇರಬೇಕಿತ್ತು ಅನ್ನುತ್ತೀರಿ. ಗೊತ್ತು ನನಗೆ.

ಆದರೂ ಮುಗಿಸುತ್ತೇನೆ. ಒಂದೇ ಷರತ್ತು — ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರದ ಕೆಳಗೆ ಇಬ್ಬರ ಹೆಸರೂ ಹಾಕಿ. ನನ್ನದು ಮೇಲಿರಲಿ. ಮಗಳೇ, ನೀನು ಬೇಜಾರು ಮಾಡಿಕೊಳ್ಳಬೇಡ, ಇದು ನಿಮ್ಮಮ್ಮನಿಗೂ ನನಗೂ ಇರುವ ಲೆಕ್ಕ.

ಈಗ ಎಲ್ಲರೂ ಏಳಿ, ಅಕ್ಕನಿಗಾಗಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲೋಣ. ದೇವರೇ, ಅವಳನ್ನು ನಿನ್ನ ಪಕ್ಕದಲ್ಲೇ ಕೂರಿಸಿಕೋ — ಆದರೆ ಇನ್ನೊಂದು ಪಕ್ಕ ಖಾಲಿ ಇಡು.