ಬಾಯ್ಲರಿನ ಬಾಯಲ್ಲಿ ಬಿಟ್ಟ ಚಪ್ಪಲಿ

ಬೆಳಗಿನಿಂದ ಹಿಡಿದ ಮಳೆ ಮಧ್ಯಾಹ್ನವಾದರೂ ಬಿಟ್ಟಿರಲಿಲ್ಲ. ಕರೆಂಟ್ ಹೋಗಿ ಕಾರ್ಖಾನೆಯ ಯಂತ್ರಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು. ಕೆಲಸದವರು ಟೀ ಅಜ್ಜಿಯ ತಗಡಿನ ಶೆಡ್ಡಿನೊಳಗೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಹೊಸ ಫಿಟ್ಟರ್ ಮಾತ್ರ ಬಾಗಿಲ ಪಕ್ಕ ತಲೆ ತಗ್ಗಿಸಿಕೊಂಡಿದ್ದ. ಅಜ್ಜಿ ಕೊಟ್ಟ ಟೀ ಅವನ ಕೈಯಲ್ಲೇ ಆರುತ್ತಿತ್ತು.

ಬೆಳಿಗ್ಗೆ ಅವನನ್ನು ಬಾಯ್ಲರಿನೊಳಗೆ ಇಳಿಸಿದ್ದರು. ತಣ್ಣಗಾದ ಬಾಯ್ಲರಿನ ಒಳಗೋಡೆಗೆ ಕಟ್ಟಿದ ಉಪ್ಪಿನ ಪದರವನ್ನು ಕೆರೆಯುವ ಕೆಲಸ. ಮೈ ಕುಗ್ಗಿಸಿಕೊಂಡರೆ ಮಾತ್ರ ಮನುಷ್ಯ ಹಿಡಿಸುವಂಥ ಒಂದೇ ಬಾಯಿ. ಇಳಿದವನು ಉಸಿರು ಕಟ್ಟಿದಂತಾಗಿ ಅಳುತ್ತಾ ಹತ್ತಿ ಬಂದಿದ್ದ. ಎರಡು ಮಕ್ಕಳ ತಂದೆಯಾಗಿ ಎಲ್ಲರ ಮುಂದೆ ಅತ್ತುಬಿಟ್ಟೆನಲ್ಲ ಎಂಬ ಅವಮಾನ ಇನ್ನೂ ಸುಡುತ್ತಿತ್ತು. ಕರೆಂಟ್ ಬಂದು ಬಾಯ್ಲರಿನೊಳಕ್ಕೆ ಗಾಳಿ ಊದುವ ಫ್ಯಾನ್ ತಿರುಗಿದ ಕೂಡಲೇ ಮತ್ತೆ ಇಳಿಯಬೇಕು, ಆಗದಿದ್ದರೆ ನಾಳೆಯಿಂದ ಬರಬೇಕಿಲ್ಲ ಎಂದು ಮೇಸ್ತ್ರಿ ಹೇಳಿಯಾಗಿತ್ತು.

"ದೇವರ ಮೇಲೆ ನಂಬಿಕೆ ಇದ್ದೋನಿಗೆ ಭಯ ಯಾಕಯ್ಯಾ ಆಗುತ್ತೆ?" ಮೇಸ್ತ್ರಿ ಈಗಲೂ ಬಿಡಲಿಲ್ಲ. "ಪುಕ್ಕಲನಿಗೆ ದೇವರೂ ಒದಗಲ್ಲ. ನಮ್ಮಪ್ಪ ಹೇಳ್ತಿದ್ದ ಮಾತಿದು."

ಅಜ್ಜಿ ಕೈಯಲ್ಲಿದ್ದ ಸೌಟನ್ನು ಪಾತ್ರೆಯ ಮೇಲೆ ಠಣ್ಣೆಂದು ಕುಕ್ಕಿದಳು.

"ನಿಮ್ಮಪ್ಪ ಹೇಳ್ತಿದ್ನಾ? ಹೇಳೇ ಹೇಳ್ತಾನೆ ಬಿಡು! ಲೋ ಫಿಟ್ಟರ್, ಆ ಟೀ ಕುಡಿಯೋ ಮೊದಲು. ಆರಿದ ಟೀಗೂ ಮೇಸ್ತ್ರಿ ಬುದ್ಧಿವಾದಕ್ಕೂ ರುಚಿ ಇರಲ್ಲ. ಕುಡೀತಾ ಕೇಳು... ಎಲ್ಲಾ ಕೇಳ್ರೋ.

"ನಾನಾಗ ಹರೆಯದೋಳು. ಇದೇ ಶೆಡ್ಡು, ಇದೇ ಬಾಯ್ಲರು. ನಮ್ಮ ಯಜಮಾನ್ರು ಅದರೊಳಗೆ ಇಳಿಯೋರು. ಇಳಿಯೋಕೆ ಮುಂಚೆ ಭಯಕ್ಕೆ ನೀರು ಕುಡಿದ್ರೆ ಅರ್ಧ ಎದೆ ಮೇಲೇ ಚೆಲ್ಲೋದು, ಆದ್ರೂ ಇಳಿಯೋರು, ಹೊಟ್ಟೆ ಕೇಳಬೇಕಲ್ಲ? ಇಲ್ಲಿನ ಕಟ್ಟು ನಿಮಗೇ ಗೊತ್ತು. ಒಳಗೆ ಹೋಗೋನು ಚಪ್ಪಲೀನ ಬಾಯ್ಲರ್ ಬಾಯಲ್ಲಿ ಬಿಡ್ಬೇಕು. ಅದಿರೋವರೆಗೂ ಯಾವ ದೊರೆ ಬಂದ್ರೂ ಮುಚ್ಚಳ ಮುಟ್ಟೋ ಹಾಗಿಲ್ಲ. ಒಳಗಿರೋನು ಮೂರು ಸಲ ತಟ್ತಾನೆ, ಹೊರಗೆ ಕಾವಲಿರೋನು ಮೂರು ಸಲ ತಟ್ತಾನೆ... 'ಇದೀನಿ ಕಣೋ' ಅಂತ. ಅಷ್ಟಕ್ಕೇ ಒಳಗಿರೋನಿಗೆ ಹೋದ ಜೀವ ಬಂದಂಗಾಗುತ್ತೆ.

"ಅವತ್ತು ಮಾಲೀಕರು ಬರ್ತಾರೆ ಅಂತ ಈ ಮೇಸ್ತ್ರಿಯ ಅಪ್ಪ, ಆಗ ಅವನೇ ಮೇಸ್ತ್ರಿ, ಅಂಗಳ ಎಲ್ಲಾ ಚೊಕ್ಕಟ ಮಾಡ್ಸಿದ. ಕಾವಲು ನಿಂತೋನನ್ನ ಗುಡಿಸೋಕೆ ಕಳಿಸಿದ. ಅಲ್ಲಲ್ಲಿ ಬಿದ್ದಿದ್ದ ಚಪ್ಪಲಿ ಎಲ್ಲಾ ತಂದು ಈ ಶೆಡ್ಡಲ್ಲಿ ಸಾಲಾಗಿ ಜೋಡಿಸಿದ... ನಮ್ಮೋರದ್ದೂ ಸೇರಿಸಿ! ಮಧ್ಯಾಹ್ನದ ಪಾಳಿಯೋರು ಬಂದು ನೋಡಿದ್ರು, ಚಪ್ಪಲಿ ಇಲ್ಲ, ಮುಚ್ಚಳ ಹಾಕಿ ಬಿಗಿದ್ರು. ಅವರದೇನು ತಪ್ಪು, ಹೇಳಿ? ನಮ್ಮೋರು ಒಳಗಿಂದ ಎಷ್ಟು ಹೊತ್ತು ತಟ್ಟಿದ್ರೋ... ಈ ಯಂತ್ರಗಳ ಸದ್ದಲ್ಲಿ ಯಾರಿಗೆ ಕೇಳ್ಬೇಕು?

"ಹೆಣ ತೆಗೆದಾಗ ಇವರಪ್ಪ ಏನಂದ ಗೊತ್ತಾ? 'ಗಾಬರಿ ಬಿದ್ದು ಸತ್ತ. ದೇವರನ್ನ ನೆನೆಸ್ಕೊಂಡು ತೆಪ್ಪಗೆ ಕೂತಿದ್ರೆ ಗಾಳಿ ಸಾಕಾಗ್ತಿತ್ತು.' ಅಯ್ಯೋ, ಅವನ ಬಾಯಿಗೆ ಮಣ್ಣು ಹಾಕ! ಮಾಡಿದ್ದು ಇವನು, ತಪ್ಪು ಸತ್ತೋರ ಭಯದ್ದಂತೆ! ಮೈಯೆಲ್ಲ ಉರಿದುಹೋಯ್ತು ಕಣ್ರೋ. ಅವನ ಮೇಲೆ ಮಾತ್ರ ಅಲ್ಲ, ದೇವರ ಮೇಲೂ ಸಿಟ್ಟು. ಸೌಟು ತಗೊಂಡು ಹೋಗಿ ಖಾಲಿ ಬಾಯ್ಲರಿಗೆ ಬಡಿದೆ. 'ಹೆದರೋ ಎದೆ ಕೊಟ್ಟೋನೂ ನೀನೇ, ಅದಕ್ಕೆ ಎಷ್ಟು ಗಾಳಿ ಬೇಕು ಅಂತ ತಿಳಿದೋನೂ ನೀನೇ, ಹೆದರಿದ್ರು ಅಂತ ಕೈಬಿಟ್ಟೆಯಾ?' ಅಂತ ಬಾಯಿಗೆ ಬಂದ ಹಾಗೆ ಬೈದೆ. ಬೈದೂ ಬೈದೂ ಸುಸ್ತಾಗಿ ಅದಕ್ಕೇ ಒರಗಿ ಕೂತೆ. ಆಗ... ಠಣ್, ಠಣ್, ಠಣ್. ಹೊರಗಡೆಯಿಂದ, ಕಾವಲು ನಿಲ್ಲೋ ಜಾಗದಿಂದ. ತಿರುಗಿ ನೋಡಿದ್ರೆ ಒಂದು ನರಪಿಳ್ಳೆಯೂ ಇಲ್ಲ!

"ಆಮೇಲೆ ಇಳಿದೋನೊಬ್ಬ, ಈ ಫಿಟ್ಟರ್ ಥರಾನೇ, ಒಳಗೆ ಕೂತು ಅತ್ತನಂತೆ. ಕಾವಲಿನೋನು ಎಲ್ಲೋ ಹರಟೆಗೆ ಹೋಗಿದ್ದ. ಆದ್ರೂ ತಟ್ಟಿದಷ್ಟು ಸಲ ಉತ್ತರ ಬಂತಂತೆ. ಆಗ ತಿಳೀತು ನನಗೆ. ನಾನು ಬೈದಿದ್ದಕ್ಕೆ ದೇವರೇನೂ ಮುನಿಸ್ಕೊಂಡಿಲ್ಲ, ಹೆದರಿ ಸತ್ತೋರನ್ನೇ ಹೆದರಿದೋರ ಕಾವಲಿಗೆ ನಿಲ್ಸಿದಾನೆ. ಭಯ ಅಂದ್ರೇನು ಅಂತ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಹಾಗಂತ ನನ್ನ ಸಿಟ್ಟು ಇಳೀತು ಅಂದ್ಕೋಬೇಡಿ. ಹಾಗೇ ಇದೆ. ಅದನ್ನೂ ಆ ದೇವರು ಅರ್ಥ ಮಾಡ್ಕೋತಾನೆ.

"ಇವರಪ್ಪ ಇದನ್ನ ಕೇಳಿ ನಕ್ಕ. 'ನಂಗ್ಯಾವ ಭಯ' ಅಂತ ತಾನೇ ಇಳಿದ. ಇಳಿದು ಮೂರು ಸಲ ತಟ್ಟಿದ. ಹೊರಗೆ ನಾವೆಲ್ಲ ಕೈಕಟ್ಕೊಂಡು ನಿಂತಿದ್ವಿ, ಒಬ್ಬರೂ ತಟ್ಟಲಿಲ್ಲ. ಉತ್ತರ ಬಂತು... ಒಳಗಿಂದ. ಅವನ ಪಕ್ಕದಿಂದಲೇ. ಕಿರುಚಿಕೊಂಡು ಹೊರಗೆ ಬಂದೋನು ಅದರ ಬಗ್ಗೆ ಮತ್ತೆ ತುಟಿ ಪಿಟಕ್ಕನ್ನಲಿಲ್ಲ. ನೀನೇ ಹೇಳು ಮೇಸ್ತ್ರಿ, ನಿಮ್ಮಪ್ಪ ಸಾಯೋವರೆಗೂ ಕದ ಹಾಕ್ಕೊಂಡು ಮಲಗಿದ್ದುಂಟಾ?"

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. "ಇಲ್ಲ," ಎಂದ ಮೆಲ್ಲಗೆ. "ಎಂಥಾ ಚಳಿಯಲ್ಲೂ ಬಾಗಿಲು ತೆರೆದೇ ಇರಬೇಕಿತ್ತು. ಅಮ್ಮ ಬೈತಾನೇ ಇದ್ಲು."

ಅಷ್ಟರಲ್ಲಿ ಕರೆಂಟ್ ಬಂತು. ಫ್ಯಾನ್ ಗುಂಯ್ಗುಟ್ಟತೊಡಗಿತು. ಫಿಟ್ಟರ್ ಎದ್ದು ನಿಂತ.

"ಅಜ್ಜೀ, ನಂಗೆ ಈಗಲೂ ಭಯ ಆಗ್ತಿದೆ."

"ಆಗ್ಲಿ ಬಿಡಪ್ಪಾ. ನಡುಗ್ಕೊಂಡೇ ಇಳಿ. ಯಾರು ಬೇಡ ಅಂದ್ರು?"

ಫಿಟ್ಟರ್ ಮಳೆಯಲ್ಲೇ ಅಂಗಳ ದಾಟಿ, ಬಾಯ್ಲರಿನ ಬಾಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಇಳಿದ. ಹಿಂದೆಯೇ ಬಂದ ಮೇಸ್ತ್ರಿ, ನೆನೆಯುತ್ತವಲ್ಲ ಎಂದು ಅವುಗಳನ್ನು ಪಕ್ಕಕ್ಕಿಡಲು ಬಗ್ಗಿದವನು, ಬೆಂಕಿ ಮುಟ್ಟಿದಂತೆ ಕೈ ಹಿಂದಕ್ಕೆಳೆದುಕೊಂಡ.

"ನಾನೇ ಕಾವಲು ನಿಲ್ತೀನಿ ಅಜ್ಜೀ," ಎಂದು ಅಲ್ಲಿಂದಲೇ ಕೂಗಿದ.

"ನಿಂತ್ಕೋ," ಎಂದಳು ಅಜ್ಜಿ ಶೆಡ್ಡಿನ ಬಾಗಿಲಿಂದ. "ಆದ್ರೆ ಅವನು ತಟ್ಟಿದಾಗ ನಿನ್ನ ಕೈ ಏಳೋಕೆ ಮುಂಚೇನೇ ಉತ್ತರ ಹೋಗುತ್ತೆ. ಬೆಚ್ಚಿಬೀಳಬೇಡ... ಸ್ವಲ್ಪ ಈ ಕಡೆ ಸರಿ ಮೇಸ್ತ್ರಿ. ನಮ್ಮೋರ ಜಾಗದಲ್ಲಿ ನಿಂತಿದೀಯ."